ಪಿಂಗಾಣಿಯ ಮುಪ್ಪು: ಬಂದದ್ದೋ, ಬರಿಸಿದ್ದೋ?

ಮನುಷ್ಯನು ತನ್ನ ತಲೆಯ ನರೆಗೆ ಕಪ್ಪು ಹಚ್ಚಿ ಇರುವ ವಯಸ್ಸನ್ನು ಮರೆಸಲು ಯತ್ನಿಸುವನು. ಅವನೇ ಅಂಗಡಿಯಲ್ಲಿ ಕುಳಿತಾಗ, ನಿನ್ನೆ ಮೊನ್ನೆ ಆವಿಗೆಯಿಂದ ಇಳಿದ ಹೂದಾನಿಗೆ ಚಹದ ಕಷಾಯವನ್ನು ಹಚ್ಚಿ ಇಲ್ಲದ ವಯಸ್ಸನ್ನು ತಂದುಕೊಡುವನು. ತರುಣನಾಗಿ ಕಾಣುವ ಮನುಷ್ಯನಿಗೂ ಹಳತಾಗಿ ಕಾಣುವ ಪಾತ್ರೆಗೂ ಲೋಕದಲ್ಲಿ ಬೆಲೆ ಹೆಚ್ಚು; ಆ ಬೆಲೆಯೇ ಈ ಎರಡು ಉದ್ಯೋಗಗಳಿಗೂ ಮೂಲ. ನರೆಯ ಕಪ್ಪಿನಿಂದ ಪರರಿಗೆ ನಷ್ಟವೇನೂ ಇಲ್ಲ. ಹೂದಾನಿಯ ಕಷಾಯದಿಂದ ಮಾತ್ರ ಗೃಹಸ್ಥನ ಗಂಟು ಕರಗುವುದುಂಟು. ಹೂದಾನಿ, ತಟ್ಟೆ, ಬಟ್ಟಲು, ಗೊಂಬೆ ಮೊದಲಾದ ಪಿಂಗಾಣಿಯ ಅಲಂಕಾರ ಸಾಮಗ್ರಿಗಳಲ್ಲಿ ಸಹಜವಾಗಿ ಬಂದ ಮುಪ್ಪು ಯಾವುದು, ಹಚ್ಚಿದ ಮುಪ್ಪು ಯಾವುದು ಎಂಬುದನ್ನು ಸಾಮಾನ್ಯ ಗೃಹಸ್ಥನು ತನ್ನ ಕಣ್ಣು, ಕೈ ಮತ್ತು ಒಂದು ಭೂತಕನ್ನಡಿಯ ಸಹಾಯದಿಂದ ಎಷ್ಟರ ಮಟ್ಟಿಗೆ ತಿಳಿಯಬಹುದೆಂಬುದೇ ಈ ತಿಂಗಳ ವಿಚಾರ.

ಈ ವಿಚಾರವನ್ನು ಎತ್ತಿಕೊಳ್ಳಲು ವಾಚಕರ ಎರಡು ಪತ್ರಗಳು ಕಾರಣವಾದವು. ಒಬ್ಬ ಮಹನೀಯರು ನಿವೃತ್ತಿಯ ಕಾಲದಲ್ಲಿ ಬಂದ ಹಣದಲ್ಲಿ ಒಂದು ದೊಡ್ಡ ಪಾಲನ್ನು ಕೊಟ್ಟು, ಚೀನದ ಮಿಂಗ್ ಅರಸರ ಕಾಲದ್ದೆಂದು ಹೇಳಲ್ಪಟ್ಟ ಹೂದಾನಿಯೊಂದನ್ನು ಕೊಂಡಿರುವರು. ಮೈತುಂಬ ಬಿರುಕು, ತಳದಲ್ಲಿ ಕಂದುಬಣ್ಣ, ಒಳಗೆ ಒಣಗಿದ ಮಣ್ಣು. ಇಷ್ಟು ಹಳೆಯದೆಂದು ಕಾಣುವುದು ಹೊಸತಾಗಿರಲು ಹೇಗೆ ಸಾಧ್ಯವೆಂದು ಅವರ ಪ್ರಶ್ನೆ. ಮತ್ತೊಂದು ಪತ್ರ ಒಬ್ಬ ಗೃಹಿಣಿಯದು. ಮನೆ ಪಾಲಾದಾಗ ಅತ್ತೆಯವರ ನೀಲಿ ಚಿತ್ರದ ಆರು ತಟ್ಟೆಗಳು ಅವರ ಪಾಲಿಗೆ ಬಂದುವು. ಮಗಳ ಓದಿನ ವೆಚ್ಚಕ್ಕಾಗಿ ಅವನ್ನು ಮಾರಬೇಕಾಗಿದೆ. ನೋಡಲು ಬಂದ ವರ್ತಕನು, “ಕಲೆಯಿಲ್ಲ, ಬಿರುಕಿಲ್ಲ; ಇವು ಹಳೆಯವಾಗಿರಲಾರವು” ಎಂದು ಹೇಳಿ, ದಿನಬಳಕೆಯ ತಟ್ಟೆಗೆ ಕೊಡುವ ಬೆಲೆಯನ್ನು ಹೇಳಿ ಹೋದನಂತೆ. ಒಬ್ಬರು ಕೊಂಡವರು, ಒಬ್ಬರು ಮಾರಬೇಕಾದವರು. ಇಬ್ಬರನ್ನೂ ಹಿಡಿದಿರುವ ಬಲೆ ಒಂದೇ: ಹಳೆಯದು ಹಳೆಯದಾಗಿ ಕಾಣಲೇಬೇಕೆಂಬ ನಂಬಿಕೆ.

ಪಿಂಗಾಣಿಗೆ ಕೃತಕವಾದ ಜರೆಯನ್ನು ತರುವ ವಿದ್ಯೆ ನಮ್ಮ ಕಾಲದ್ದಲ್ಲ. ಚೀನದ ಜಿಯಾಂಗ್ಶಿ ಪ್ರಾಂತದಲ್ಲಿರುವ ಜಿಂಗ್‌ಡೆಜೆನ್ ಎಂಬ ಪಟ್ಟಣವು ಪಿಂಗಾಣಿಯ ತವರು. ಅಲ್ಲಿದ್ದ ದಾಂತ್ರಕೋಲ್ ಎಂಬ ಫ್ರೆಂಚ್ ಜೆಸೂಯಿಟ್ ಪಾದ್ರಿಯು ೧೭೧೨ರಲ್ಲಿಯೂ ೧೭೨೨ರಲ್ಲಿಯೂ ಅಲ್ಲಿನ ಕಸುಬನ್ನು ವಿವರಿಸಿ ಯೂರೋಪಿಗೆ ದೀರ್ಘ ಪತ್ರಗಳನ್ನು ಬರೆದನು. ಹೊಸ ಪಾತ್ರೆಗೆ ಹಳೆತನವನ್ನು ಹೇಗೆ ತರುವರೆಂಬುದು ಮೊದಲನೆಯ ಪತ್ರದಲ್ಲಿಯೇ ಇದೆ. ಹಳದಿ ಛಾಯೆಯ ಮಣ್ಣಿನಿಂದ ಪಾತ್ರೆಯನ್ನು ದಪ್ಪವಾಗಿ ಮಾಡಿ ಸುಡುವರು. ಬಳಿಕ ಕೋಳಿ ಮೊದಲಾದವುಗಳ ಮಾಂಸದ ಜಿಡ್ಡುಗಟ್ಟಿದ ಸಾರಿನಲ್ಲಿ ಬೇಯಿಸುವರು. ಆಮೇಲೆ ಅತ್ಯಂತ ಕೊಳಕಾದ ಚರಂಡಿಯಲ್ಲಿ ಒಂದು ತಿಂಗಳೋ ಹೆಚ್ಚೋ ಹುದುಗಿಸಿಡುವರು. ಹೊರಗೆ ತೆಗೆದಾಗ ಅದು ಮುನ್ನೂರು ನಾನ್ನೂರು ವರ್ಷದ ಪಾತ್ರೆಯೆನಿಸಿಕೊಳ್ಳುವುದು! ಆ ಊರಿನ ಅಧಿಕಾರಿಯೇ ಇಂತಹ ‘ಪ್ರಾಚೀನ’ ಪಾತ್ರೆಗಳನ್ನು ಮಾಡಿಸಿ ರಾಜಧಾನಿಯಲ್ಲಿದ್ದ ತನ್ನ ಪೋಷಕರಿಗೆ ಕಾಣಿಕೆ ಕಳುಹಿಸುತ್ತಿದ್ದನೆಂದೂ ಪಾದ್ರಿಯು ಬರೆದಿರುವನು. ಮೋಸದ ಕಲೆಗೇ ಹೀಗೆ ಮುನ್ನೂರು ವರ್ಷ ವಯಸ್ಸಾಗಿದೆ; ಅದರಲ್ಲಿ ಮಾತ್ರ ಕೃತಕವೇನೂ ಇಲ್ಲ.

ತರ್ಕಶಾಸ್ತ್ರವನ್ನು ಸ್ವಲ್ಪ ಓದಿದವರಿಗೂ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಉದಾಹರಣೆ ಗೊತ್ತು. ಬೆಂಕಿಯಿಲ್ಲದ ಕಡೆ ಹೊಗೆಯಿರದು. ಆದುದರಿಂದ ಆ ಊಹೆ ನಿಲ್ಲುವುದು. ಸಾಧಿಸಬೇಕಾದದ್ದು ಇಲ್ಲದ ಕಡೆಯಲ್ಲಿಯೂ ಕಾಣಿಸಿಕೊಳ್ಳುವ ಗುರುತನ್ನು ತಾರ್ಕಿಕರು ವ್ಯಭಿಚಾರಿ ಹೇತುವೆಂದು ತಳ್ಳಿಬಿಡುವರು. ಬಿರುಕು, ಕಂದುಬಣ್ಣ, ಮಣ್ಣು, ಮಬ್ಬು, ತಳದ ಮುದ್ರೆ, ಇವೆಲ್ಲವೂ ಹೊಸ ಪಾತ್ರೆಯಲ್ಲಿಯೂ ಇರಬಲ್ಲವು. ಆದುದರಿಂದ ಇವುಗಳಲ್ಲಿ ಯಾವ ಒಂದೂ ತಾನಾಗಿ ವಯಸ್ಸಿಗೆ ಸಾಕ್ಷಿಯಾಗದು. ಅತ್ತ, ಕಾಸಿದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಾಗೆಯೇ ವಯಸ್ಸಿದ್ದೂ ಅದರ ಚಿಹ್ನೆ ಕಾಣದ ಪಾತ್ರೆಗಳೂ ಉಂಟು.

ಇದಕ್ಕೆ ಪ್ರಸಿದ್ಧವಾದ ನಿದರ್ಶನವೊಂದಿದೆ. ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ‘ಗೆಲ್ಡರ್‌ಮಾಲ್ಸೆನ್’ ಎಂಬ ಹಡಗು ಕ್ಯಾಂಟನ್ನಿನಿಂದ ಚಹ, ಪಿಂಗಾಣಿ ಮತ್ತು ಚಿನ್ನವನ್ನು ತುಂಬಿಕೊಂಡು ಹೊರಟು, ೧೭೫೨ರ ಜನವರಿಯಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಬಂಡೆಗೆ ತಾಗಿ ಮುಳುಗಿತು. ೧೯೮೫ರಲ್ಲಿ ಮೈಕೆಲ್ ಹ್ಯಾಚರ್ ಎಂಬವನು ಅದರ ಸರಕನ್ನು ಮೇಲಕ್ಕೆತ್ತಿಸಿದನು. ಮರುವರ್ಷ ಆಮ್ಸ್ಟರ್‌ಡ್ಯಾಮ್ ನಗರದಲ್ಲಿ ಹರಾಜಾಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚಿನ ಪಿಂಗಾಣಿಯ ಸಾಮಾನುಗಳು! ಅವುಗಳ ಮೇಲೆ ಹೇರಿದ್ದ ಚಹವು ಕೊಳೆತು ಹೊದಿಕೆಯಂತಾಗಿ ಅವನ್ನು ಕಾಪಾಡಿತ್ತು. ೨೩೩ ವರ್ಷ ಕಡಲಡಿಯಲ್ಲಿದ್ದ ನೀಲಿ ಚಿತ್ರದ ತಟ್ಟೆಗಳಲ್ಲಿ ಬಹಳ ಮಟ್ಟಿನವು ಅಂಗಡಿಯಿಂದ ಆಗತಾನೇ ತಂದವುಗಳಂತೆ ಹೊಳೆಯುತ್ತಿದ್ದುವು. ವಯಸ್ಸು ಬೇರೆ, ಸವೆತ ಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಚೆನ್ನಾಗಿ ಸುಟ್ಟ ಪಿಂಗಾಣಿಯನ್ನು ಕಾಲವು ತಾನಾಗಿ ಮುಟ್ಟುವುದು ಬಹಳ ಕಡಿಮೆ. ಅದನ್ನು ಸವೆಸುವುದು ಬಳಕೆ.

ಹಾಗಾದರೆ ಪರೀಕ್ಷೆಯ ಸೂತ್ರವೇನು? ನಮ್ಮ ಮನೆಯ ಹೊಸ್ತಿಲನ್ನು ನೋಡಿರಿ. ಕಾಲು ತಾಗುವ ನಡುಭಾಗವು ತಗ್ಗಾಗಿರುವುದು. ಗೋಡೆಯ ಬಳಿಯ ತುದಿಗಳು ಮೊದಲಿನಂತೆಯೇ ಇರುವುವು. ಹಳೆಯ ಪುಸ್ತಕದಲ್ಲಿ ಹಾಳೆ ಮಗುಚುವ ಬೆರಳು ತಾಗುವ ಮೂಲೆ ಮಾಸಿರುವುದು. ಒರಳಿನ ಒಳಭಾಗ ನುಣುಪಾಗಿರುವುದು, ಹೊರಭಾಗ ಒರಟಾಗಿಯೇ ಇರುವುದು. ಸಹಜವಾದ ಮುಪ್ಪಿನ ಪ್ರತಿಯೊಂದು ಗುರುತಿಗೂ ಹೀಗೆ ಒಂದು ಕಾರಣವಿದೆ, ಆ ಕಾರಣಕ್ಕೆ ತಕ್ಕ ಸ್ಥಾನವಿದೆ. ಕೃತಕವಾದ ಮುಪ್ಪನ್ನು ಹಚ್ಚುವವನಾದರೋ ಕೊಳ್ಳುವವನ ಕಣ್ಣು ಎಲ್ಲಿ ಬೀಳುವುದೋ ಅಲ್ಲಿ ಹಚ್ಚುವನು. ಆದುದರಿಂದ ಒಂದು ಕಲೆಯನ್ನೋ ಗೀರನ್ನೋ ಕಂಡಾಗ “ಇದು ಹಳೆಯದಾಗಿ ಕಾಣುತ್ತದೆಯೆ?” ಎಂದು ಕೇಳಬಾರದು. “ಇದು ಇಲ್ಲಿಗೆ ಹೇಗೆ ಬಂದಿತು?” ಎಂದು ಕೇಳಬೇಕು. ಉತ್ತರ ದೊರೆಯದ ಗುರುತುಗಳು ಹೆಚ್ಚಿದಷ್ಟೂ ಸಂದೇಹ ಹೆಚ್ಚಬೇಕು.

ಪರೀಕ್ಷೆಯನ್ನು ಯಾವಾಗಲೂ ತಳದಿಂದ ಪ್ರಾರಂಭಿಸತಕ್ಕದ್ದು. ಪಾತ್ರೆಯ ಮೈಗೆ ಗಾಜಿನಂತಹ ಒಂದು ಲೇಪವಿರುವುದಷ್ಟೆ. ಅದನ್ನು ಇಲ್ಲಿ ಗಾಜುಲೇಪವೆಂದು ಕರೆಯೋಣ. ಪಾತ್ರೆಯು ನಿಲ್ಲುವ ತಳದ ಬಳೆಗೆ ಸಾಮಾನ್ಯವಾಗಿ ಈ ಲೇಪವಿರುವುದಿಲ್ಲ. ಸುಡುವಾಗ ಲೇಪವು ಕರಗಿ ಆಧಾರಕ್ಕೆ ಅಂಟಿಕೊಳ್ಳದಿರಲೆಂದು ಅದನ್ನು ಒರೆಸಿರುವರು. ಬೆತ್ತಲೆಯಾದ ಈ ಬಳೆಯೇ ಪಾತ್ರೆಯ ಜಾತಕ. ಅನೇಕ ವರ್ಷ ಮೇಜಿನ ಮೇಲೆಯೂ ಗೂಡಿನಲ್ಲಿಯೂ ಇಟ್ಟು ತೆಗೆದ ಪಾತ್ರೆಯಲ್ಲಿ, ನೆಲಕ್ಕೆ ತಾಗುವ ಅಂಚು ಬೆರಳಿಗೆ ನುಣುಪಾಗಿ ಸಿಕ್ಕುವುದು. ಕೊಳೆಯು ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಇಳಿದಿರುವುದು; ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಉಬ್ಬಿದ ಕಡೆ ಸವೆದು ಬೆಳ್ಳಗೆ, ತಗ್ಗಿನಲ್ಲಿ ಉಳಿದು ಕಪ್ಪಗೆ ಇರುವುದೇ ಕ್ರಮ.

ಕೃತಕಕಾರನು ಇದೇ ಬಳೆಗೆ ಚಹದ ಕಷಾಯವನ್ನೋ, ಬೂಟಿಗೆ ಹಚ್ಚುವ ಪಾಲಿಷನ್ನೋ, ಬಾವಿಯ ನೀರಿಗೆ ಹಾಕುವ ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮ್ಯಾಂಗನೇಟನ್ನೋ ಬಳಿಯುವನು. ಈ ಕೊನೆಯದು ಒಣಗಿದಾಗ ಕಂದುಬಣ್ಣಕ್ಕೆ ತಿರುಗುವುದು. ಬಣ್ಣವು ಉಬ್ಬುತಗ್ಗುಗಳೆನ್ನದೆ ಸುತ್ತಲೂ ಸಮನಾಗಿದ್ದರೆ, ಸವೆಯಬೇಕಾದ ಅಂಚಿನಲ್ಲಿಯೇ ಹೆಚ್ಚು ಗಾಢವಾಗಿದ್ದರೆ, ಬೆರಳಿಗೆ ಅಂಚು ಇನ್ನೂ ಹರಿತವಾಗಿದ್ದು ಕಣ್ಣಿಗೆ ಮಾತ್ರ ಹಳೆಯದಾಗಿದ್ದರೆ, ಅಲ್ಲಿ ಕುಂಚವು ಆಡಿದೆಯೆಂದು ತಿಳಿಯಬೇಕು. ಮೂಗಿಗೂ ಸ್ವಲ್ಪ ಕೆಲಸ ಕೊಡಬಹುದು. ಪಾಲಿಷಿನ ವಾಸನೆ ಬೇಗ ಹೋಗುವುದಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಕೆಲವು ಚೀನೀ ಪಾತ್ರೆಗಳಲ್ಲಿ ಗಾಜುಲೇಪವು ಮುಗಿದು ಬರಿಯ ಮಣ್ಣು ಪ್ರಾರಂಭವಾಗುವ ಗಡಿಯಲ್ಲಿ ಕಿತ್ತಳೆ ಛಾಯೆಯ ಗೆರೆಯೊಂದು ಇರುವುದು. ಇದು ಮಣ್ಣಿನಲ್ಲಿರುವ ಕಬ್ಬಿಣದ ಅಂಶವು ಆವಿಗೆಯಲ್ಲಿಯೇ ಗಾಳಿ ತಾಗಿ ಕೆಂಪಾದದ್ದು. ಪಾತ್ರೆ ಹುಟ್ಟಿದ ದಿನವೇ ಬಂದ ಈ ಬಣ್ಣವು ವಯಸ್ಸಿನ ಗುರುತಲ್ಲ. ಆದರೂ ಕೊಳ್ಳುವವರು ಇದನ್ನು ಹಳೆತನವೆಂದು ಭಾವಿಸುವರೆಂದು ತಿಳಿದು ಕೃತಕಕಾರರು ಕಾವಿಯಂತಹ ಬಣ್ಣದಿಂದ ಇದನ್ನೂ ಬರೆಯುವುದುಂಟು.

ತಳದ ಬಳಿಕ ಮೈ. ಪಾತ್ರೆಯನ್ನು ಕಿಟಕಿಯ ಬಳಿಗೆ ಒಯ್ದು, ಬೆಳಕು ಓರೆಯಾಗಿ ಬೀಳುವಂತೆ ಹಿಡಿದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಕನ್ನಡಿಯಿಂದ ನೋಡಬೇಕು. ಬಳಕೆಯ ಗೀರುಗಳು ಒಂದು ದಿನದಲ್ಲಿ ಬಂದವುಗಳಲ್ಲ. ಒಂದೊಂದೂ ಒಂದೊಂದು ದಿನದ್ದು. ಆದುದರಿಂದ ಅವು ದಿಕ್ಕಿನಲ್ಲಿಯೂ ಆಳದಲ್ಲಿಯೂ ಉದ್ದದಲ್ಲಿಯೂ ಬೇರೆ ಬೇರೆಯಾಗಿ, ಒಂದರ ಮೇಲೊಂದು ಹಾಯ್ದಿರುವುವು. ಮರಳುಕಾಗದದಿಂದ ಉಜ್ಜಿ ತಂದ ಗೀರುಗಳು ಗದ್ದೆಯ ಸಾಲಿನಂತೆ ಒಂದೇ ದಿಕ್ಕಿನಲ್ಲಿ, ಒಂದೇ ಆಳದಲ್ಲಿ ಸಾಗಿರುವುವು.

ಗಾಜುಲೇಪದೊಳಗೆ ಸಣ್ಣ ಸಣ್ಣ ಗುಳ್ಳೆಗಳಿರುವುದು ಸಾಮಾನ್ಯ. ಬಹುಕಾಲ ತಿಕ್ಕಾಟಕ್ಕೆ ಸಿಕ್ಕಿದ ಕಡೆ ಮೇಲ್ಭಾಗದ ಗುಳ್ಳೆಗಳು ಬಾಯ್ದೆರೆದು ಒಳಗೆ ಕೊಳೆ ಕುಳಿತು ಕರಿಯ ಚುಕ್ಕೆಗಳಾಗಿ ತೋರುವುವು. ಹೊಸ ಪಾತ್ರೆಯ ಕಣ್ಣು ಕುಕ್ಕುವ ಹೊಳಪನ್ನು ತಗ್ಗಿಸಲು ಕೆಲವರು ಗಾಜನ್ನೂ ತಿನ್ನುವ ಹೈಡ್ರೋಫ್ಲೋರಿಕ್ ಆಮ್ಲವನ್ನು ಬಳಸುವರು. ಆಮ್ಲಕ್ಕೆ ವಿವೇಕವಿಲ್ಲ, ಕೈ ತಾಗುವ ಉಬ್ಬನ್ನೂ, ಯಾರ ಬೆರಳೂ ಹೋಗಲಾರದ ಹಿಡಿಯ ಸಂದನ್ನೂ ಅದು ಒಂದೇ ಸಮನಾಗಿ ಮಬ್ಬಾಗಿಸುವುದು. ನಿಜವಾಗಿ ಹಳೆಯದಾದ ಪಾತ್ರೆಯ ಸಂದುಗಳಲ್ಲಿ ಮೊದಲ ದಿನದ ಹೊಳಪು ಉಳಿದಿರಬೇಕು. ಸಂದೂ ಮಬ್ಬಾಗಿದ್ದರೆ ಆ ಮಬ್ಬು ಕಾಲವು ಕೊಟ್ಟದ್ದಲ್ಲ.

ಇನ್ನು ಆಯಾ ಸಾಮಾನಿನ ಬಳಕೆಯನ್ನು ನೆನೆದು ನೋಡಬೇಕು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಡುವರು. ಮೇಲಿನ ತಟ್ಟೆಯ ತಳದ ಬಳೆಯು ಕೆಳಗಿನ ತಟ್ಟೆಯ ಮುಖವನ್ನು ತಿಕ್ಕಿ ತಿಕ್ಕಿ, ಅಲ್ಲಿ ಉಂಗುರದಂತಹ ಮಸುಕಾದ ಸವೆತವೊಂದು ಬರುವುದು. ಚಹದ ಪಾತ್ರೆಯಲ್ಲಿ ಮುಚ್ಚಳ ಕೂರುವ ಕಂಠ ಸವೆಯಬೇಕು. ಹೂದಾನಿಯ ಒಳಗೆ ನೀರು ನಿಂತ ಮಟ್ಟದಲ್ಲಿ ಸುಣ್ಣದಂತಹ ಗೆರೆ ಬರುವುದು ಸಹಜ; ಮಣ್ಣು ಬರುವುದಲ್ಲ. ಒಳಗೆ ಮಣ್ಣು ಮೆತ್ತಿದ್ದರೆ ಅದು ನೆಲದೊಳಗೆ ಹೂತಿದ್ದಿರಬೇಕು. ಹಾಗಿದ್ದರೆ ಹೊರಗಿನ ಸಂದುಗಳಲ್ಲಿಯೂ ತಳದ ಕುಳಿಯಲ್ಲಿಯೂ ಮಣ್ಣು ಏಕಿಲ್ಲವೆಂದು ಕೇಳಬೇಕು. ಅಂಟು ಬೆರೆಸಿದ ಮಣ್ಣನ್ನು ಕಾಣುವ ಕಡೆ ಮೆತ್ತುವುದೂ, ಸಮುದ್ರದಿಂದ ಎತ್ತಿದ್ದೆಂದು ತೋರಿಸಲು ಚಿಪ್ಪುಗಳನ್ನು ಅಂಟಿಸುವುದೂ ನಡೆದೇ ಇದೆ.

ಎಲ್ಲಕ್ಕಿಂತ ಹೆಚ್ಚಾಗಿ ಜನರನ್ನು ಮರುಳುಮಾಡುವುದು ಬಲೆಯಂತೆ ಹರಡಿದ ಬಿರುಕು. ಇದರ ಕಾರಣವನ್ನು ತಿಳಿದರೆ ಮರುಳು ಇಳಿಯುವುದು. ಆವಿಗೆಯಿಂದ ತೆಗೆದ ಪಾತ್ರೆ ಆರುವಾಗ ಒಳಗಿನ ಮಣ್ಣೂ ಹೊರಗಿನ ಗಾಜುಲೇಪವೂ ಎರಡೂ ಕುಗ್ಗುವುವು. ಲೇಪವು ಮಣ್ಣಿಗಿಂತ ಹೆಚ್ಚು ಕುಗ್ಗಿದರೆ, ದೊಡ್ಡ ದೇಹಕ್ಕೆ ಚಿಕ್ಕ ಅಂಗಿ ತೊಡಿಸಿದಂತಾಗಿ, ಲೇಪವು ಹರಿಯುವುದು. ಇದು ಆ ದಿನವೇ ಆಗಬಹುದು. ಚೀನದ ಸೊಂಗ್ ಅರಸರ ಕಾಲದ ಕುಂಬಾರರು ಈ ದೋಷವನ್ನೇ ಅಲಂಕಾರವನ್ನಾಗಿ ಮಾಡಿಕೊಂಡರು. ಗ ಎಂಬ ಜಾತಿಯ ಪಾತ್ರೆಗಳಲ್ಲಿ ಕಪ್ಪಾದ ದೊಡ್ಡ ಬಿರುಕುಗಳ ನಡುವೆ ಹೊಂಬಣ್ಣದ ಸಣ್ಣ ಬಿರುಕುಗಳಿರುವ ಸೊಗಸನ್ನು ಚೀನೀಯರು ‘ಚಿನ್ನದ ನೂಲು, ಕಬ್ಬಿಣದ ತಂತಿ’ ಎಂದು ಕೊಂಡಾಡುವರು. ಅಲ್ಲಿಂದೀಚೆಗೆ ಶತಮಾನಗಟ್ಟಲೆ ಅದನ್ನು ಅನುಕರಿಸುತ್ತಲೇ ಬಂದಿರುವರು.

ಕಾಲಕ್ರಮದಲ್ಲಿ ಬರುವ ಬಿರುಕೂ ಉಂಟು. ಇಂಗ್ಲೆಂಡಿನ ಸ್ಟಾಫರ್ಡ್‌ಷೈರ್ ಪ್ರಾಂತದ ತಟ್ಟೆಗಳು ಮೊದಲಾದ, ಕಡಿಮೆ ಕಾವಿನಲ್ಲಿ ಸುಟ್ಟ ಸಾಮಾನುಗಳ ಒಳಮಣ್ಣು ಸರಂಧ್ರವಾದದ್ದು. ಅದು ವರ್ಷ ವರ್ಷಕ್ಕೆ ಗಾಳಿಯ ತೇವವನ್ನು ಹೀರಿ ಅಣುಮಾತ್ರ ಉಬ್ಬುವುದು. ಹಿಗ್ಗಲಾರದ ಲೇಪವು ಬಿರಿಯುವುದು. ಇಂತಹ ಬಿರುಕಿನೊಳಗೆ ಅಡಿಗೆಯ ಜಿಡ್ಡು, ಚಹ, ಕಾಫಿಗಳು ಇಳಿದು ಬಣ್ಣ ಬರುವುದು ಸಹಜ. ಆದರೆ ಆ ಬಣ್ಣವು ಬಳಕೆಗೆ ತಕ್ಕಂತೆ ಇರಬೇಕು: ಬಟ್ಟಲಾದರೆ ಒಳಗೆ ಹೆಚ್ಚು, ತಟ್ಟೆಯಾದರೆ ನಡುವೆ ಹೆಚ್ಚು, ಒಡಕಿನ ಬಳಿ ಇನ್ನೂ ಹೆಚ್ಚು. ಇಡೀ ಪಾತ್ರೆಯನ್ನು ಕಷಾಯದಲ್ಲಿ ಮುಳುಗಿಸಿ ತೆಗೆದಾಗ ಒಳಗೂ ಹೊರಗೂ ತಳದಲ್ಲಿಯೂ ಪ್ರತಿಯೊಂದು ಬಿರುಕಿಗೂ ಒಂದೇ ಬಣ್ಣ ಬರುವುದು. ಗೋಡೆಗೆ ತೂಗುಹಾಕುವ ತಟ್ಟೆಯ ಬೆನ್ನಿನಲ್ಲಿ ಚಹದ ಕಲೆ ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ವರ್ತಕನು ಉತ್ತರ ಹೇಳಲಿ!

ಬಣ್ಣಗಳ ವಿಚಾರದಲ್ಲಿ ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು. ನೀಲಿ ಚಿತ್ರವನ್ನು ಸಾಮಾನ್ಯವಾಗಿ ಹಸಿ ಪಾತ್ರೆಯ ಮೇಲೆ ಬರೆದು, ಅದರ ಮೇಲೆ ಗಾಜುಲೇಪವನ್ನು ಕೊಟ್ಟು ಸುಡುವರು. ಆ ಬಣ್ಣ ಲೇಪದ ಕೆಳಗೆ ಸುರಕ್ಷಿತವಾಗಿರುವುದು. ಕೆಂಪು, ಹಸುರು, ಗುಲಾಬಿ, ಚಿನ್ನ ಮೊದಲಾದುವನ್ನು ಬಹುಮಟ್ಟಿಗೆ ಲೇಪದ ಮೇಲೆ ಬರೆದು ಮತ್ತೆ ಮೃದುವಾಗಿ ಸುಡುವರು, ಅವು ಸವೆಯುವುವು. ಗೆಲ್ಡರ್‌ಮಾಲ್ಸೆನ್ ಹಡಗಿನಲ್ಲಿಯೂ ನೀಲಿ ಉಳಿಯಿತು, ಮೇಲ್ಬಣ್ಣಗಳು ಅನೇಕ ಪಾತ್ರೆಗಳಲ್ಲಿ ಉಪ್ಪುನೀರಿಗೆ ಅಳಿದುಹೋದುವು. ಆದುದರಿಂದ ಬಟ್ಟಲಿನ ಅಂಚಿನ ಚಿನ್ನದ ಗೆರೆ ತುಟಿ ತಾಗುವಲ್ಲಿ, ಹಿಡಿಯ ಚಿನ್ನ ಹೆಬ್ಬೆರಳು ಒತ್ತುವಲ್ಲಿ ಅಳಿಸಿಹೋಗಿರುವುದು ನ್ಯಾಯ. ಸುತ್ತಲೂ ಅಲ್ಲಲ್ಲಿ ಲೆಕ್ಕಹಾಕಿ ಕೆರೆದಂತೆ ಅಳಿಸಿದ್ದರೆ ಅನ್ಯಾಯ. ಲೇಪದ ಕೆಳಗಿನ ನೀಲಿಯೇ ಸವೆದು ಮಾಸಿದ್ದರೆ ಯಾರೋ ಲೇಪವನ್ನೇ ಅರೆದಿರುವರು.

ಹದಿನೈದನೆಯ ಶತಮಾನದ ಆದಿಯ ಮಿಂಗ್ ಪಾತ್ರೆಗಳ ನೀಲಿಯಲ್ಲಿ, ಕುಂಚ ತಂಗಿದೆಡೆ ಬಣ್ಣ ಮಡುಗಟ್ಟಿ ಕಪ್ಪು ಚುಕ್ಕೆಗಳು ಬಿದ್ದಿರುವುವು. ಯೊಂಗ್‌ಝೆಂಗ್ ಅರಸನ (೧೭೨೩–೧೭೩೫) ಕಾಲದ ಕುಶಲಿಗಳು ಇದನ್ನು ಮೆಚ್ಚಿ ಕುಂಚದ ತುದಿಯಿಂದ ಚುಕ್ಕೆಗಳನ್ನಿಟ್ಟರು. ಮೂಲದಲ್ಲಿ ಚುಕ್ಕೆಗಳು ತಾವಾಗಿ ಎಲ್ಲೆಂದರಲ್ಲಿ ಬಿದ್ದಿರುವುವು. ಅನುಕರಣದಲ್ಲಿ ಇಟ್ಟಂತೆ ಕುಳಿತಿರುವುವು.

ತಳದ ಬರಹವನ್ನು ಓದಬಲ್ಲೆನೆಂಬ ಹೆಮ್ಮೆಯಿಂದ ಮೋಸಹೋದವರು ಓದಲಾರದೆ ಮೋಸಹೋದವರಿಗಿಂತ ಕಡಿಮೆಯಿಲ್ಲ. ಚೀನೀ ಪಾತ್ರೆಗಳ ತಳದಲ್ಲಿ ಆಳುವ ಅರಸನ ಹೆಸರನ್ನು ಬರೆಯುವ ವಾಡಿಕೆಯಿತ್ತು. ಆದರೆ ೧೬೭೭ರಲ್ಲಿ ಜಿಂಗ್‌ಡೆಜೆನ್ನಿನ ಅಧಿಕಾರಿಯು, ಒಡೆದ ಪಾತ್ರೆಯ ಮೇಲಿನ ಅರಸನ ಹೆಸರಿಗೆ ಅವಮಾನವಾಗಬಾರದೆಂದು, ಆಗಿನ ಕಾಂಗ್ಶಿ ಅರಸನ ಹೆಸರನ್ನು ಬರೆಯಕೂಡದೆಂದು ಆಜ್ಞೆಮಾಡಿದನು. ಕುಂಬಾರರು ಬರಿಯ ಎರಡು ವೃತ್ತಗಳನ್ನೋ ಎಲೆಯ ಚಿತ್ರವನ್ನೋ ಬರೆದರು. ಅನೇಕರು ಇನ್ನೂರು ವರ್ಷ ಹಿಂದಿನ ಚೆಂಗ್‌ಹ್ವಾ ಅರಸನ (೧೪೬೫–೧೪೮೭) ಹೆಸರನ್ನು ಬರೆದರು. ಇದರಲ್ಲಿ ಮೋಸದ ಉದ್ದೇಶವೇ ಇರಬೇಕೆಂದಿಲ್ಲ. ಪೂರ್ವಿಕರ ಕುಶಲತೆಗೆ ಸಲ್ಲಿಸಿದ ಗೌರವವೂ ಇತ್ತು. ಆದರೆ ಆ ಹೆಸರನ್ನು ಕಂಡು ಕಾಲವನ್ನು ನಿರ್ಣಯಿಸಿದವನು ಇನ್ನೂರು ವರ್ಷ ತಪ್ಪುವನು. ಈ ಹೊತ್ತಿನ ಪಾತ್ರೆಗೂ ಅದೇ ಹೆಸರಿರಬಹುದಷ್ಟೆ.

ಇದಕ್ಕೆ ವಿರುದ್ಧವಾಗಿ, ಹೊಸತೆಂದು ತೋರಿಸಿಕೊಡುವ ಬರಹಗಳನ್ನು ಹೆಚ್ಚು ನಂಬಬಹುದು. ೧೮೯೧ರಿಂದ ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಹೋಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಬೇಕೆಂದು ಕಾನೂನಾಯಿತು. ಜಪಾನಿನ ಸಾಮಾನುಗಳ ಮೇಲೆ ಮೊದಲು ‘ನಿಪ್ಪಾನ್’ ಎಂದಿರುತ್ತಿತ್ತು. ೧೯೨೧ರಿಂದ ‘ಜಪಾನ್’ ಎಂದೇ ಇರಬೇಕಾಯಿತು. ತಳದಲ್ಲಿ ಇಂಗ್ಲಿಷಿನಲ್ಲಿ ‘ಚೈನಾ’ ಎಂದು ಅಚ್ಚಾಗಿರುವ ಹೂದಾನಿಯನ್ನು ಮಿಂಗ್ ಕಾಲದ್ದೆನ್ನುವವನು ಕೇಳುವವರ ತಾಳ್ಮೆಯನ್ನು ಪರೀಕ್ಷಿಸುತ್ತಿರುವನು. ದೇಶದ ಹೆಸರು ಇಲ್ಲದಿದ್ದ ಮಾತ್ರಕ್ಕೆ ಪಾತ್ರೆ ಹಳೆಯದೆಂದೂ ಆಗದು. ಬೇರೆ ದೇಶಗಳಿಗೆ ಹೋದ ಸರಕಿಗೆ ಆ ಕಾನೂನು ಅನ್ವಯಿಸಲಿಲ್ಲ.

ಅಳಿಸಿದ ಬರಹವೂ ಮಾತನಾಡುವುದು. ಪ್ಯಾರಿಸ್ಸಿನಲ್ಲಿ ೧೮೪೫ರಲ್ಲಿ ಸ್ಥಾಪಿತವಾದ ಸಾಂಸೋಂ ಕಾರ್ಖಾನೆಯು ಚೀನ, ಜರ್ಮನಿ, ಫ್ರಾನ್ಸುಗಳ ಹಳೆಯ ಪಿಂಗಾಣಿಗಳ ಪ್ರತಿಗಳನ್ನು ಮಾಡಿ ಮಾರುತ್ತಿತ್ತು. ಅವುಗಳ ಮೇಲೆ ತನ್ನ ಗುರುತನ್ನೂ ಹಾಕುತ್ತಿತ್ತು. ಬಳಿಕ ಕೈಬದಲಾದಾಗ ಆ ಗುರುತನ್ನು ಉಜ್ಜಿ ತೆಗೆದವರುಂಟು. ತಳವನ್ನು ಓರೆಬೆಳಕಿಗೆ ಹಿಡಿದಾಗ ಹೊಳಪಿನ ನಡುವೆ ಒಂದು ಮಂಕಾದ ತೇಪೆ ಕಂಡರೆ, ಅಲ್ಲಿ ಸತ್ಯವೊಂದು ಇದ್ದು ಹೋಗಿದೆ.

ಬಣ್ಣ, ಬರಹಗಳನ್ನು ದಾಟಿ ಮಾತು ಪ್ರಯೋಗಶಾಲೆಗೆ ಹೋಗುವುದೂ ಉಂಟು. ೧೯೬೦ರ ದಶಕದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಬೆಳೆದ ಥರ್ಮೋಲ್ಯುಮಿನೆಸೆನ್ಸ್ ಎಂಬ ಪದ್ಧತಿಯನ್ನು ನಾವು ಉಷ್ಣದೀಪ್ತಿ ಎನ್ನಬಹುದು. ಮಣ್ಣಿನಲ್ಲಿ ಸ್ವಭಾವತಃ ಇರುವ ವಿಕಿರಣದ ಶಕ್ತಿಯು ಅದರ ಹರಳುಗಳಲ್ಲಿ ವರ್ಷ ವರ್ಷವೂ ಕೂಡಿಕೊಳ್ಳುತ್ತಿರುವುದು. ಆವಿಗೆಯ ಕಾವು ಹಿಂದಿನ ಲೆಕ್ಕವನ್ನೆಲ್ಲ ಅಳಿಸಿಬಿಡುವುದು. ಸುಟ್ಟ ದಿನದಿಂದ ಹೊಸ ಲೆಕ್ಕ. ತಳದಿಂದ ಚೂರು ಮಣ್ಣನ್ನು ತೆಗೆದು ಕಾಯಿಸಿದರೆ ಆ ಶಕ್ತಿಯು ಕ್ಷೀಣವಾದ ಬೆಳಕಾಗಿ ಹೊರಬರುವುದು. ಆ ಬೆಳಕನ್ನು ಅಳೆದು ವಯಸ್ಸನ್ನು ಹೇಳುವರು. ಬಣ್ಣದ ಮೂಲಧಾತುಗಳನ್ನು ಕ್ಷಕಿರಣದಿಂದ ಕಂಡುಹಿಡಿಯುವ ಪದ್ಧತಿಯೂ ಇದೆ. ಕ್ರೋಮಿಯಂ ಎಂಬ ಧಾತುವನ್ನು ವೋಕ್ಲೆಂ ಎಂಬ ಫ್ರೆಂಚ್ ರಸಾಯನಜ್ಞನು ಕಂಡುಹಿಡಿದದ್ದು ೧೭೯೭ರಲ್ಲಿ. ಅದರಿಂದ ಮಾಡಿದ ಹಸುರು ಬಣ್ಣ ಮಿಂಗ್ ಪಾತ್ರೆಯ ಮೇಲೆ ಇದ್ದರೆ ವಾದವು ಅಲ್ಲಿಗೇ ಮುಗಿಯಿತು. ಆದರೆ ಕಳ್ಳನು ಇಲ್ಲಿಗೂ ಬಂದಿರುವನು. ನಿಜವಾಗಿ ಹಳೆಯದಾದ ಒಡೆದ ತಳಕ್ಕೆ ಹೊಸ ಮೈಯನ್ನು ಜೋಡಿಸಿ, ಚೂರನ್ನು ಆ ತಳದ ಕಡೆಯಿಂದಲೇ ತೆಗೆಯಲಿ ಎಂದು ಕಾಯುವವರುಂಟು. ಪಾತ್ರೆಗೆ ಕೃತಕವಾಗಿ ವಿಕಿರಣವನ್ನು ಉಣಿಸುವವರೂ ಉಂಟು. ಆದುದರಿಂದ ಪ್ರಯೋಗಶಾಲೆಯ ಕಾಗದವೂ ಇತರ ಸಾಕ್ಷಿಗಳೊಡನೆ ಒಂದು ಸಾಕ್ಷಿಯೇ ಹೊರತು ತೀರ್ಪಲ್ಲ.

ಈಗ ಪತ್ರ ಬರೆದವರ ವಿಷಯ. ಹೂದಾನಿಯನ್ನು ಕೊಂಡ ಮಹನೀಯರು ಅದನ್ನು ತಿರುವಿಹಾಕಿ ಮೂರನ್ನು ನೋಡಲಿ: ತಳದ ಬಳೆಯ ಕಂದುಬಣ್ಣ ಸಮನಾಗಿದೆಯೆ, ಬಿರುಕಿನ ಬಣ್ಣ ಒಳಗೂ ಹೊರಗೂ ಒಂದೇ ಆಗಿದೆಯೆ, ಮಣ್ಣು ಕಾಣುವ ಕಡೆ ಮಾತ್ರ ಇದೆಯೆ. ಮೂರಕ್ಕೂ ಹೌದೆಂಬ ಉತ್ತರ ಬಂದರೆ ವಿಳಂಬಮಾಡದೆ ರಸೀದಿಯನ್ನು ತೆಗೆದು, ಅದರಲ್ಲಿ ಪಾತ್ರೆಯ ಕಾಲವನ್ನು ಬರೆದುಕೊಟ್ಟಿರುವನೋ ಇಲ್ಲವೋ ಎಂದು ನೋಡಬೇಕು. ಬರೆದಿದ್ದರೆ ಹಣವನ್ನು ಹಿಂದಕ್ಕೆ ಕೇಳಲು ಆಧಾರವಿದೆ. ಇತರರು ಇದರಿಂದ ಕಲಿಯಬೇಕಾದದ್ದು: ಮಾರುವವನು ಬಾಯಲ್ಲಿ ಹೇಳುವ ವಯಸ್ಸನ್ನು ಹಣ ಕೊಡುವ ಮೊದಲೇ ಕಾಗದದಲ್ಲಿ ಬರೆಯಿಸಿಕೊಳ್ಳಬೇಕು. ನಮ್ಮ ದೇಶದ ೧೯೭೨ರ ಪುರಾವಸ್ತು ಕಾನೂನಿನ ಮೇರೆಗೆ ನೂರು ವರ್ಷಕ್ಕೆ ಕಡಿಮೆಯಲ್ಲದ ಪುರಾವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವುಗಳನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ. ಇನ್ನೂರು ವರ್ಷದ್ದೆಂದು ಧೈರ್ಯವಾಗಿ ಹೇಳಿ, ಕಾಗದವನ್ನೂ ಪರವಾನಗಿಯನ್ನೂ ಕೇಳಿದಾಗ ಮಾತು ಬದಲಿಸುವವನ ಪಾತ್ರೆಯನ್ನು ಪರೀಕ್ಷಿಸುವ ಶ್ರಮವೇ ಬೇಡ.

ಆ ಗೃಹಿಣಿಗೆ ನಾವು ಹೇಳುವುದು ಇಷ್ಟೇ: ತಾಯಿ, ತಟ್ಟೆಗಳನ್ನು ಆ ಬೆಲೆಗೆ ಕೊಡಬೇಡಿ. ಅವು ಹಳೆಯವೆಂದು ನೋಡದೆ ಹೇಳಲು ನಮಗೆ ಅಧಿಕಾರವಿಲ್ಲ. ಆದರೆ ಕಲೆಯಿಲ್ಲ, ಬಿರುಕಿಲ್ಲ ಎಂಬುದು ಹೊಸತೆನ್ನಲು ಕಾರಣವೇ ಅಲ್ಲ. ಹಬ್ಬಕ್ಕೆ ಮಾತ್ರ ಹೊರತೆಗೆದು ಬಟ್ಟೆಯಲ್ಲಿ ಸುತ್ತಿಡುತ್ತಿದ್ದ ಅತ್ತೆಯವರ ಜೋಪಾನವೇ ಅವುಗಳ ಹೊಳಪಿಗೆ ಕಾರಣವಾಗಿರಬಹುದು. ತಳದ ಬಳೆಯನ್ನೂ, ಪೇರಿಸಿಟ್ಟ ಉಂಗುರದ ಗುರುತನ್ನೂ ನೋಡಿರಿ. ಅವು ಮನೆಗೆ ಯಾವಾಗ, ಯಾರಿಂದ, ಯಾವ ಊರಿನಿಂದ ಬಂದುವೆಂಬುದನ್ನು ಹಿರಿಯರು ಇರುವಾಗಲೇ ಕೇಳಿ ತಾರೀಖಿನೊಡನೆ ಬರೆದಿಡಿರಿ. ಇಂತಹ ಮನೆಯ ಚರಿತ್ರೆಗೆ ಬೆಲೆಯುಂಟು. ಕೊಳ್ಳಲು ಬಂದವನೊಬ್ಬನ ಅಭಿಪ್ರಾಯವು ಅವನ ಲಾಭದ ಅಭಿಪ್ರಾಯ. ಕೊಳ್ಳುವ ಆಸೆಯಿಲ್ಲದ ತಿಳಿದವರಿಬ್ಬರಿಗೆ ತೋರಿಸದೆ ನಿರ್ಣಯಿಸಬೇಡಿ. ಮಾರುವ ಮೊದಲು ಚೆನ್ನಾಗಿ ಕಾಣಲೆಂದು ಬೂದಿ, ಹುಣಿಸೆಹಣ್ಣು, ಬ್ಲೀಚಿಂಗ್ ಪುಡಿಗಳಿಂದ ಉಜ್ಜಲೂಬೇಡಿ. ತಾಮ್ರದ ಚೊಂಬಿಗೆ ಸಲ್ಲುವ ಉಪಚಾರ ಪಿಂಗಾಣಿಗೆ ಸಲ್ಲದು. ಚಿನ್ನದ ಗೆರೆಯೂ ಮೇಲ್ಬಣ್ಣವೂ ನೂರು ವರ್ಷದಲ್ಲಿ ಹೋಗದಿದ್ದದ್ದು ಒಂದು ಮಧ್ಯಾಹ್ನದಲ್ಲಿ ಹೋಗುವುದು.

ಪ್ರತಿಯನ್ನು ಮಾಡುವುದೇ ಪಾಪವೆಂದು ನಮ್ಮ ಅಭಿಪ್ರಾಯವಲ್ಲ. ಹಳೆಯ ಮಾದರಿಯಲ್ಲಿ ಮಾಡಿದ ಹೊಸ ಹೂದಾನಿಯನ್ನು ಹೊಸತೆಂದೇ ಹೇಳಿ ಮಾರಿದರೆ ಅದು ಗೌರವದ ಕಸುಬು. ಕೊಂಡವನ ಮನೆಗೂ ಶೋಭೆ. ದೋಷವಿರುವುದು ವಯಸ್ಸಿನ ಬಗ್ಗೆ ಹೇಳುವ ಸುಳ್ಳಿನಲ್ಲಿ. ಆ ಸುಳ್ಳಿನಿಂದ ಕೊಂಡವನ ಹಣ ಮಾತ್ರ ಹೋಗುವುದಿಲ್ಲ. ಹಚ್ಚಿದ ಮುಪ್ಪನ್ನು ನೋಡಿ ನೋಡಿ ಅಭ್ಯಾಸವಾದ ಕಣ್ಣಿಗೆ ನಿಜವಾಗಿ ಹಳೆಯದೇ ಹೊಸತಾಗಿ ಕಂಡು, ಆರು ತಟ್ಟೆಗಳು ಕೈಬಿಡುವಂತಾಗುವುದು.

ನಿಜವಾದವುಗಳನ್ನು ನೋಡಿ ಕಣ್ಣನ್ನು ತಿದ್ದಿಕೊಳ್ಳುವುದೇ ಉತ್ತಮವಾದ ಉಪಾಯ. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಚೀನೀ ಪಿಂಗಾಣಿಗಳ ಸಂಗ್ರಹವಿದೆ. ನಮ್ಮ ಹಂಪೆಯ ಅಗೆತಗಳಲ್ಲಿಯೂ ಚೀನೀ ಪಿಂಗಾಣಿಯ ಚೂರುಗಳು ದೊರೆತಿವೆ. ವಿಜಯನಗರದ ಶ್ರೀಮಂತರ ಮನೆಗಳಿಗೆ ಅವು ಕಡಲು ದಾಟಿ ಬಂದವು. ಅಷ್ಟು ದೂರ ಹೋಗಲಾಗದವರಿಗೆ ಮನೆಯೇ ಶಾಲೆ. ನೀವೇ ಕೊಂಡು ಇಪ್ಪತ್ತು ವರ್ಷ ಬಳಸಿದ, ವಯಸ್ಸು ನಿಮಗೆ ಖಂಡಿತವಾಗಿ ಗೊತ್ತಿರುವ ಕಾಫಿಯ ಬಟ್ಟಲು, ಉಪ್ಪಿನಕಾಯಿಯ ಜಾಡಿ, ತಟ್ಟೆಗಳನ್ನು ಒಂದು ಬೆಳಿಗ್ಗೆ ಕಿಟಕಿಯ ಬಳಿ ಸಾಲಾಗಿ ಬೋರಲಿಟ್ಟು, ಮಕ್ಕಳ ಕೈಗೆ ಭೂತಕನ್ನಡಿಯನ್ನು ಕೊಟ್ಟು, ಯಾವುದು ಎಲ್ಲಿ ಏಕೆ ಸವೆದಿದೆಯೆಂದು ಕೇಳಿರಿ. ಈ ಪಾಠವನ್ನು ಕಲಿತ ಕಣ್ಣು ಅಂಗಡಿಗೆ ಹೋದಾಗ ಮೊದಲು ಹೂದಾನಿಯ ಚಿತ್ರವನ್ನು ನೋಡದೆ ತಳವನ್ನು ನೋಡುವುದು. ಮಾರುವವನಿಗೆ ಅಷ್ಟರಿಂದಲೇ ಬಂದವರು ಯಾರೆಂದು ತಿಳಿಯುವುದು.